ವಿನ್ಯಾಸದ ಲೋಪಕ್ಕೆ ತಂತ್ರಾಂಶದ ತೇಪೆ: ಕುದಾಪುರದ ಆಗಸ ಕಲಿಸುವ ಪಾಠ

ಚಳ್ಳಕೆರೆ ಸೀಮೆ ಎಂದರೆ ಶೇಂಗಾ, ಎಣ್ಣೆ ಗಿರಣಿ ಹಾಗೂ ಕಂಬಳಿ ಎಂದಷ್ಟೇ ರಾಜ್ಯಕ್ಕೆ ಪರಿಚಯವಿದ್ದ ಕಾಲ ಸರಿದುಹೋಗಿದೆ. ಕುದಾಪುರದ ಸುತ್ತಲಿನ ಅಮೃತಮಹಲ್ ಕಾವಲಿನಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಎರಡನೇ ಆವರಣವಿದೆ. ಅದೇ ಕಾವಲು ಸೀಮೆಯ ವರವು ಭಾಗದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿಆರ್‌ಡಿಒ) ವೈಮಾನಿಕ ಪರೀಕ್ಷಾ ವಲಯವಿದೆ. ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ 2017ರ ಮೇ 28ರಂದು ಅದನ್ನು ಉದ್ಘಾಟಿಸಿದರು. ಅಲ್ಲಿಂದೀಚೆಗೆ ಈ ಬಯಲಿನ ಮೇಲೆ ಪೈಲಟ್ ಇಲ್ಲದ ಬೇಹು ವಿಮಾನ ಹಾರಿದೆ, ಬಾಲವೇ ಇಲ್ಲದ ವಿಮಾನ ಹಾರಿದೆ, ಎಂಜಿನ್ನೇ ಇಲ್ಲದ ಇಸ್ರೊದ ‘ಪುಷ್ಪಕ’ ಮುಗಿಲಿನಿಂದ ಜಾರಿ ಬಂದು ರನ್‌ವೇ ಮುಟ್ಟಿದೆ.

ಈ ಮೂರನ್ನೂ ಬೆಸೆಯುವ ಸಂಗತಿ ಒಂದೇ. ಹಾರಾಟದ ಪ್ರತಿ ಕ್ಷಣವೂ ವಿಮಾನವನ್ನು ಹಿಡಿದು ನಿಲ್ಲಿಸುವುದು ಮನುಷ್ಯನ ಕೈಯಲ್ಲ, ತಂತ್ರಾಂಶ. ತನ್ನಷ್ಟಕ್ಕೆ ಬಿಟ್ಟರೆ ಸ್ಥಿರವಾಗಿ ಹಾರಲಾರದ ಆಕಾರಗಳನ್ನು ಕಂಪ್ಯೂಟರ್ ಇಂದು ನೇರವಾಗಿ ಹಾರಿಸಬಲ್ಲದು. ಇದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಇದೇ ಸಾಮರ್ಥ್ಯವನ್ನು ವಿನ್ಯಾಸದ ಲೋಪ ಮುಚ್ಚಲು ಬಳಸಿದಾಗ ಏನಾಗುತ್ತದೆ ಎಂಬುದನ್ನು 2018 ಹಾಗೂ 2019ರಲ್ಲಿ ಜಗತ್ತು 346 ಜೀವಗಳ ಬೆಲೆ ತೆತ್ತು ಕಂಡಿದೆ. ತಂತ್ರಾಂಶವು ವಿನ್ಯಾಸದ ಅಂಗವಾಗುವುದು ಎಲ್ಲಿಯವರೆಗೆ, ಅದು ಬರೀ ತೇಪೆಯಾಗುವುದು ಎಲ್ಲಿಂದ? ರಾಜ್ಯದ ಮಟ್ಟಿಗಂತೂ ಇದು ದೂರದ ಪ್ರಶ್ನೆಯಲ್ಲ. ದೇಶದ ಯುದ್ಧವಿಮಾನಗಳು ರೂಪುಗೊಳ್ಳುವುದು ಬೆಂಗಳೂರಿನಲ್ಲಿ. ಪೈಲಟ್‌ರಹಿತ ವಿಮಾನಗಳ ಪರೀಕ್ಷೆ ನಡೆಯುವುದು ಚಳ್ಳಕೆರೆಯ ಬಯಲಿನಲ್ಲಿ. ಪರೀಕ್ಷೆ ಕೈಕೊಟ್ಟಾಗ ಅವು ಬೀಳುವುದು ಅಲ್ಲಿನ ರೈತರ ಹೊಲಗಳಲ್ಲಿ.

ಅಂಗೈ ಮೇಲಿನ ಕೋಲು

ಹೊಲದಿಂದ ಶೇಂಗಾ ಮೂಟೆ ಹೇರಿಕೊಂಡು ಬರುವ ಎತ್ತಿನ ಗಾಡಿಯಲ್ಲಿ ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಹೆಚ್ಚಾದರೆ ಎತ್ತುಗಳ ಹೆಗಲು ಬಗ್ಗುತ್ತದೆ. ವಿಮಾನದ ಸಮತೋಲನವೂ ಹೆಚ್ಚುಕಡಿಮೆ ಇಂಥದ್ದೇ. ಅದರ ಭಾರದ ಕೇಂದ್ರವು ಗಾಳಿ ಅದನ್ನು ಎತ್ತಿಹಿಡಿಯುವ ಕೇಂದ್ರಕ್ಕಿಂತ ಮುಂದಿದ್ದರೆ ವಿಮಾನ ಸ್ಥಿರವಾಗಿರುತ್ತದೆ. ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದರೂ ತಾನಾಗಿಯೇ ಕೆಳಗಿಳಿಯುತ್ತದೆ. ಪ್ರಯಾಣಿಕ ವಿಮಾನಗಳನ್ನು ಮೊದಲಿನಿಂದಲೂ ಹೀಗೆಯೇ ಕಟ್ಟಲಾಗಿದೆ. ಆದರೆ ಸ್ಥಿರ ವಿಮಾನ ಹಟಮಾರಿಯೂ ಹೌದು. ಥಟ್ಟನೆ ತಿರುಗಬೇಕಾದ ಯುದ್ಧವಿಮಾನಕ್ಕೆ ಆ ಸ್ಥಿರತೆಯೇ ಕಾಲಿಗೆ ಕಟ್ಟಿದ ಗುಂಡು.

ಆದ್ದರಿಂದಲೇ ಆಧುನಿಕ ಯುದ್ಧವಿಮಾನಗಳನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗುತ್ತದೆ. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಹುಡುಗ ಹೇಗೆ ಕ್ಷಣಕ್ಷಣಕ್ಕೂ ಕೈ ಆಡಿಸುತ್ತಿರಬೇಕೋ ಹಾಗೆ ಇಂಥ ವಿಮಾನದ ರೆಕ್ಕೆಯಂಚಿನ ಪಟ್ಟಿಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ತಿದ್ದುತ್ತಲೇ ಇರಬೇಕು. ಮನುಷ್ಯನ ಕೈಗೆ ಆ ವೇಗ ಸಾಧ್ಯವಿಲ್ಲ, ಕಂಪ್ಯೂಟರಿಗೆ ಸಾಧ್ಯ. ಪೈಲಟ್ ತನ್ನ ಇಚ್ಛೆಯನ್ನು ತಿಳಿಸುತ್ತಾನೆ, ಅದನ್ನು ನೆರವೇರಿಸುವ ಬಗೆಯನ್ನು ನಿಯಂತ್ರಣ ಸೂತ್ರಗಳು ನಿರ್ಧರಿಸುತ್ತವೆ. ಸರಳು, ಹಗ್ಗ, ರಾಟೆಗಳ ಬದಲು ತಂತಿಯಲ್ಲಿ ಹರಿಯುವ ವಿದ್ಯುತ್ ಸಂಕೇತಗಳು ಕೆಲಸ ಮಾಡುವ ಈ ಪದ್ಧತಿಗೆ ‘ಫ್ಲೈ ಬೈ ವೈರ್’ ಎಂದು ಹೆಸರು.

ಭಾರತದ ಹಗುರ ಯುದ್ಧವಿಮಾನ ‘ತೇಜಸ್’ ಈ ಪದ್ಧತಿಯ ದೊಡ್ಡ ದೇಶೀಯ ಉದಾಹರಣೆ. 1984ರಲ್ಲಿ ಸ್ಥಾಪನೆಯಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎಡಿಎ) ಬಾಲರೆಕ್ಕೆಯಿಲ್ಲದ, ತ್ರಿಕೋನಾಕಾರದ, ಅಸ್ಥಿರ ವಿನ್ಯಾಸವನ್ನೇ ಆಯ್ದುಕೊಂಡಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) 1990ರ ದಶಕದ ಆರಂಭದಲ್ಲಿ ಒಂದುಗೂಡಿದ ರಾಷ್ಟ್ರೀಯ ತಂಡಕ್ಕೆ ನಿಯಂತ್ರಣ ಸೂತ್ರಗಳ ಹೊಣೆ ಬಿತ್ತು. 1996ರಲ್ಲಿ ಈ ಸೂತ್ರಗಳನ್ನು ಅಮೆರಿಕದ ವಿಶೇಷ ಎಫ್-16 ವಿಮಾನವೊಂದರಲ್ಲಿ ಅಳವಡಿಸಿ ಆಕಾಶದಲ್ಲೇ ಪರೀಕ್ಷಿಸಲಾಯಿತು. 1998ರ ಪೋಖ್ರಾನ್ ಅಣುಪರೀಕ್ಷೆಯ ಬೆನ್ನಿಗೆ ಅಮೆರಿಕ ದಿಗ್ಬಂಧನ ಹೇರಿತು. ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಹಕಾರ ನಿಂತಿತು, ಅಲ್ಲಿದ್ದ ಭಾರತೀಯ ಎಂಜಿನಿಯರುಗಳು ಬರಿಗೈಯಲ್ಲಿ ಮರಳಿದರು. ಉಳಿದ ಕೆಲಸ ಬೆಂಗಳೂರಿನಲ್ಲಿಯೇ ಮುಗಿಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿಗೆ ಅದನ್ನು ಮೇಲಕ್ಕೆ ಒಯ್ದರು.

ಅಷ್ಟು ವರ್ಷಗಳ ಎಚ್ಚರಿಕೆ ಅನಗತ್ಯ ವಿಳಂಬವೆಂಬ ಟೀಕೆ ಆಗ ಜೋರಾಗಿಯೇ ಇತ್ತು. ಆದರೆ ಎಚ್ಚರಿಕೆಗೆ ಕಾರಣವೂ ಇತ್ತು. ಇದೇ ಬಗೆಯ ಅಸ್ಥಿರ ವಿನ್ಯಾಸದ ಸ್ವೀಡನ್ನಿನ ‘ಗ್ರಿಪೆನ್’ ವಿಮಾನವು 1989ರ ಫೆಬ್ರುವರಿಯಲ್ಲಿ ಇಳಿಯುವಾಗ ಉರುಳಿಬಿದ್ದಿತು. 1993ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮ್ ನಗರದ ಉತ್ಸವದಲ್ಲಿ ಇನ್ನೊಂದು ವಿಮಾನ ನೆಲಕ್ಕಪ್ಪಳಿಸಿತು. ಎರಡೂ ಬಾರಿ ಪೈಲಟ್ ಒಬ್ಬರೇ, ಎರಡೂ ಬಾರಿ ಅವರು ಬದುಕುಳಿದರು. ಪೈಲಟ್‌ನ ಕೈಚಲನೆಗೂ ತಂತ್ರಾಂಶದ ತಿದ್ದುಪಡಿಗೂ ತಾಳ ತಪ್ಪಿದ್ದೇ ಎರಡಕ್ಕೂ ಮೂಲ. ಈ ಪಾಠ ಬೆಂಗಳೂರಿನ ತಂಡದ ಕಣ್ಣಮುಂದಿತ್ತು. ತೇಜಸ್‌ನಲ್ಲಿ ನಿಯಂತ್ರಣದ ನಾಲ್ಕು ಸಮಾನಾಂತರ ವಾಹಿನಿಗಳಿವೆ. ಪಂಚಾಯಿತಿಯಲ್ಲಿ ಕೂತ ನಾಲ್ವರ ಪೈಕಿ ಒಬ್ಬನ ಮಾತು ಉಳಿದವರಿಗಿಂತ ಬೇರೆಯಾದರೆ ಮೂವರೂ ಸೇರಿ ಅದನ್ನು ತಳ್ಳಿಹಾಕುವ ವ್ಯವಸ್ಥೆ ಅದು.

ಮೊದಲ ಹಾರಾಟದಿಂದ 2024ರ ಮಾರ್ಚ್ 12ರಂದು ಜೈಸಲ್ಮೇರ್ ಬಳಿ ಒಂದು ವಿಮಾನ ಬೀಳುವವರೆಗೆ, 23 ವರ್ಷಗಳಲ್ಲಿ, ಒಂದೇ ಒಂದು ತೇಜಸ್ ಕೂಡ ಅಪಘಾತಕ್ಕೀಡಾಗಲಿಲ್ಲ. 2025ರ ನವೆಂಬರ್ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ಇನ್ನೊಂದು ವಿಮಾನ ಪತನಗೊಂಡು ಪೈಲಟ್ ಸಾವಿಗೀಡಾದರು. ಈ ಎರಡು ಘಟನೆಗಳನ್ನು ಮರೆಮಾಚಬೇಕಿಲ್ಲ. ಹಾಗೆಯೇ ಅಸ್ಥಿರ ವಿನ್ಯಾಸವೇ ಅಪಾಯಕಾರಿ ಎಂಬ ತೀರ್ಪಿಗೂ ಹಾರಬೇಕಿಲ್ಲ. ತೇಜಸ್‌ನ ಅಸ್ಥಿರತೆ ಲೋಪವಲ್ಲ, ಆಯ್ಕೆ. ಮೊದಲ ನಕ್ಷೆ ಎಳೆದ ದಿನವೇ ಅದರ ಜತೆಗೆ ತಂತ್ರಾಂಶದ ಲೆಕ್ಕವೂ ಶುರುವಾಗಿತ್ತು.

ಬಾಲವಿಲ್ಲದ್ದು, ಎಂಜಿನ್ ಇಲ್ಲದ್ದು

ಬೆಂಗಳೂರಿನಲ್ಲಿ ಕಲಿತ ಈ ವಿದ್ಯೆಯ ಮುಂದಿನ ತರಗತಿ ನಡೆದದ್ದು ಚಳ್ಳಕೆರೆಯಲ್ಲಿ. 2022ರ ಜುಲೈ 1ರಂದು ಡಿಆರ್‌ಡಿಒ ಅಂಗಸಂಸ್ಥೆಯಾದ ವೈಮಾನಿಕ ಅಭಿವೃದ್ಧಿ ನೆಲೆ (ಎಡಿಇ) ರೂಪಿಸಿದ ‘ಹಾರುವ ರೆಕ್ಕೆ’ ಮಾದರಿಯ ಪೈಲಟ್‌ರಹಿತ ವಿಮಾನ ಇಲ್ಲಿಂದ ಮೊದಲ ಬಾರಿಗೆ ಹಾರಿತು. ಎರಡು ಮೂಲಮಾದರಿಗಳಲ್ಲಿ ಹಂತಹಂತವಾಗಿ ಪರೀಕ್ಷೆಗಳು ನಡೆದವು. 2023ರ ಡಿಸೆಂಬರ್ 15ರಂದು ಪ್ರಕಟಿಸಿದ ಹಾರಾಟದಲ್ಲಿ ಬಾಲವೇ ಇಲ್ಲದ ಅಂತಿಮ ರೂಪವು ಉಪಗ್ರಹ ಆಧಾರಿತ ‘ಗಗನ್’ ವ್ಯವಸ್ಥೆಯ ನೆರವಿನಿಂದ ತಾನಾಗಿಯೇ ಇಳಿಯಿತು.

ಬಾಲವಿಲ್ಲದ ವಿಮಾನ ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದು, ಆಕರ್ಷಣೆ ಅಷ್ಟೇ. ಆದರೆ ನೆಟ್ಟಗೆ ನಿಲ್ಲುವ ಬಾಲರೆಕ್ಕೆ ಇಲ್ಲದಿದ್ದರೆ ಮೂತಿ ಎಡಬಲಕ್ಕೆ ಓಲಾಡದಂತೆ ಹಿಡಿಯುವವರು ಯಾರು? ಅಮೆರಿಕದಲ್ಲಿ 1940ರ ದಶಕದಲ್ಲಿ ‘ವೈಬಿ-49’ ಎಂಬ ಹಾರುವ ರೆಕ್ಕೆಯ ಬಾಂಬರ್ ಕಟ್ಟಿದಾಗ ಈ ಪ್ರಶ್ನೆಗೆ ತೃಪ್ತಿಕರ ಉತ್ತರವಿರಲಿಲ್ಲ. 1948ರಲ್ಲಿ ಒಂದು ವಿಮಾನ ಬಿದ್ದು ಅದರಲ್ಲಿದ್ದವರೆಲ್ಲ ಸತ್ತರು, ಯೋಜನೆಯೂ ಮುಂದೆ ಕೈಬಿಟ್ಟುಹೋಯಿತು. ಅದೇ ಆಕಾರದ ‘ಬಿ-2’ 1989ರಲ್ಲಿ ಯಶಸ್ವಿಯಾಗಿ ಹಾರಿತು. ನಡುವೆ ಬದಲಾದದ್ದು ಮುಖ್ಯವಾಗಿ ಕಂಪ್ಯೂಟರ್.

ಹಾಗೆಂದು ಕಂಪ್ಯೂಟರ್ ಸರ್ವಶಕ್ತವಲ್ಲ. 2008ರ ಫೆಬ್ರುವರಿಯಲ್ಲಿ ಗುವಾಮ್ ದ್ವೀಪದಲ್ಲಿ ಒಂದು ಬಿ-2 ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಮೂತಿ ಮೇಲೆತ್ತಿ ಕುಸಿಯಿತು. ಗಾಳಿಯ ಒತ್ತಡ ಅಳೆಯುವ ಸಂವೇದಕಗಳಲ್ಲಿ ತೇವ ಸೇರಿ ತಪ್ಪು ಮಾಹಿತಿ ಹೋಗಿತ್ತು. ತಂತ್ರಾಂಶ ಆ ತಪ್ಪನ್ನು ನಂಬಿ ನಿಷ್ಠೆಯಿಂದ ಕೆಲಸ ಮಾಡಿತ್ತು. ಪೈಲಟ್‌ಗಳಿಬ್ಬರೂ ಹೊರಜಿಗಿದು ಪಾರಾದರು; ನೂರಾರು ಕೋಟಿ ಡಾಲರ್ ಬೆಲೆಯ ವಿಮಾನ ಬೂದಿಯಾಯಿತು. ಕಿವಿಗೆ ಬಿದ್ದ ಮಾತು ಸುಳ್ಳಾದರೆ ಎಂಥ ಜಾಣನ ತೀರ್ಮಾನವೂ ಸುಳ್ಳೇ.

ಇಸ್ರೊದ ‘ಪುಷ್ಪಕ’ದ ಕಥೆ ಸ್ವಲ್ಪ ಬೇರೆ. ಮರುಬಳಕೆಯ ರಾಕೆಟ್‌ಗೆ ಪೂರ್ವಭಾವಿಯಾದ ಈ ವಾಹನಕ್ಕೆ ಕಕ್ಷೆಯಿಂದ ಮರಳುವಾಗಿನ ಉರಿಯನ್ನು ತಾಳಬಲ್ಲ ಮೈಕಟ್ಟು ಬೇಕು. ಅಂಥ ಮೈಕಟ್ಟಿಗೆ ತೇಲುವ ಗುಣ ಕಡಿಮೆ. ತೇಲುವ ಗುಣ ಕಡಿಮೆಯಾದಷ್ಟೂ ಇಳಿಯುವ ವೇಗ ಹೆಚ್ಚು. 2023ರ ಏಪ್ರಿಲ್ 2, 2024ರ ಮಾರ್ಚ್ 22 ಹಾಗೂ ಜೂನ್ 23ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇದನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಮೂರೂ ಬಾರಿ ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯಿತು. ಮೂರನೆಯ ಬಾರಿ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಗಿತ್ತು, ಗಾಳಿಯೂ ಜೋರಾಗಿತ್ತು. ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ಇಳಿದರೆ ಪುಷ್ಪಕ ಇಳಿದದ್ದು 320 ಕಿ.ಮೀ. ಮೀರಿದ ವೇಗದಲ್ಲಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪುಷ್ಪಕದ ತೇಲುವ ಗುಣ ಕಡಿಮೆ ಎಂಬುದನ್ನು ಇಸ್ರೊ ಮುಚ್ಚಿಡಲಿಲ್ಲ. ತನ್ನ ಪ್ರಕಟಣೆಯಲ್ಲೇ ಹೇಳಿತು. ಪ್ರತಿ ಪರೀಕ್ಷೆಯನ್ನೂ ಹಿಂದಿನದಕ್ಕಿಂತ ಕಠಿಣಗೊಳಿಸಿತು. ಮಿತಿಯನ್ನು ಬಲ್ಲವರ ಕೈಯಲ್ಲಿ ತಂತ್ರಾಂಶ ಹೀಗೆ ಕೆಲಸ ಮಾಡುತ್ತದೆ.

ತಂತ್ರಾಂಶಕ್ಕೆ ತೂಕ ಇಳಿಸಲು ಬಾರದು

ಆದರೆ ಅದೇ ಪರೀಕ್ಷಾ ವಲಯದಲ್ಲಿ ತಂತ್ರಾಂಶದ ಎಲ್ಲೆಯೂ ಕಾಣಿಸಿದೆ. ‘ರುಸ್ತುಂ-2’ ಎಂದು ಹೆಸರಾಗಿ ಬಳಿಕ ‘ತಪಸ್’ ಆದ ಬೇಹು ವಿಮಾನ 2016ರ ನವೆಂಬರ್‌ನಲ್ಲಿ ಇಲ್ಲಿಂದಲೇ ಮೊದಲು ಹಾರಿತು. 2023ರ ಜೂನ್ 16ರಂದು ಇಲ್ಲಿಂದ ಹೊರಟ ತಪಸ್‌ನ ನಿಯಂತ್ರಣವನ್ನು ಕಾರವಾರ ನೌಕಾನೆಲೆಯಿಂದ 148 ಕಿ.ಮೀ. ದೂರದ ಸಮುದ್ರದಲ್ಲಿದ್ದ ‘ಐಎನ್‌ಎಸ್ ಸುಭದ್ರಾ’ ನೌಕೆ 40 ನಿಮಿಷ ಕಾಲ ವಹಿಸಿಕೊಂಡಿತು. ಅದೇ ತಿಂಗಳು 200ನೇ ಹಾರಾಟವೂ ಮುಗಿಯಿತು. ನಿಯಂತ್ರಣ ತಂತ್ರಾಂಶದ ದೃಷ್ಟಿಯಿಂದ ಇವು ಸಾಧಾರಣ ಸಾಧನೆಗಳಲ್ಲ.

ಆದರೂ ಸೇನೆಗೆ ಬೇಕಿದ್ದದ್ದು 30,000 ಅಡಿ ಎತ್ತರದಲ್ಲಿ 24 ಗಂಟೆ ಸತತವಾಗಿ ಹಾರುವ ವಿಮಾನ. ತಪಸ್ ತಲುಪಿದ್ದು 28,000 ಅಡಿ ಹಾಗೂ 18 ಗಂಟೆಗಳ ಆಸುಪಾಸು. ಉದ್ದೇಶಿತ ತೂಕಕ್ಕಿಂತ ವಿಮಾನ ಭಾರವಾಗಿತ್ತು. 2024ರ ಆರಂಭದಲ್ಲಿ ಯೋಜನೆ ತನ್ನ ಆದ್ಯತಾ ಸ್ಥಾನವನ್ನು ಕಳೆದುಕೊಂಡಿತು. ವಿಮಾನವನ್ನು ನೆಟ್ಟಗೆ ಹಿಡಿಯಲು ತಂತ್ರಾಂಶಕ್ಕೆ ಬರುತ್ತದೆ. ಅದರ ಮೈಭಾರ ಇಳಿಸಲು, ಎಂಜಿನ್‌ಗೆ ಇಲ್ಲದ ಕಸುವು ತುಂಬಲು ಬರುವುದಿಲ್ಲ. ಯಾವ ಲೋಪ ತಂತ್ರಾಂಶದ ವ್ಯಾಪ್ತಿಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ವಿವೇಚನೆ ನಕ್ಷೆಯ ಹಂತದಲ್ಲೇ ಆಗದಿದ್ದರೆ ನೂರಾರು ಹಾರಾಟಗಳ ಬಳಿಕ ಆಗುತ್ತದೆ. ಆಗ ಅದರ ಖರ್ಚು ಬೇರೆಯೇ.

ಎಚ್‌ಎಎಲ್‌ನ ತರಬೇತಿ ಜೆಟ್ ಎಚ್‌ಜೆಟಿ-36 ‘ಸಿತಾರಾ’ದ ಪ್ರಕರಣ ಇದಕ್ಕಿಂತಲೂ ಬೋಧಪ್ರದ. 2003ರ ಮಾರ್ಚ್ 7ರಂದು ಮೊದಲು ಹಾರಿದ ಈ ವಿಮಾನದ ಸ್ಪಿನ್ ವರ್ತನೆ ವರ್ಷಾನುಗಟ್ಟಲೆ ತಲೆನೋವಾಯಿತು. ಸ್ಪಿನ್ ಎಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು ವಿಮಾನ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುವ ಸ್ಥಿತಿ. ಅದರಿಂದ ಹೊರಬರುವುದನ್ನು ಹೊಸ ಪೈಲಟ್ ಕಲಿಯಲೇಬೇಕು. ಆದ್ದರಿಂದ ತರಬೇತಿ ವಿಮಾನ ಸ್ಪಿನ್‌ಗೆ ಹೋಗಲೂ ಬೇಕು, ಹೇಳಿದಂತೆ ಹೊರಬರಲೂ ಬೇಕು. ಸಿತಾರಾದಲ್ಲಿ ತೇಜಸ್‌ನಂಥ ಕಂಪ್ಯೂಟರ್ ನಿಯಂತ್ರಣವಿರಲಿಲ್ಲ. ತೇಪೆ ಹಚ್ಚುವ ಸುಲಭ ದಾರಿಯೂ ಇರಲಿಲ್ಲ. ಕಡೆಗೆ ವಿಮಾನದ ಮೈಯನ್ನೇ ತಿದ್ದಬೇಕಾಯಿತು. ಬಾಲರೆಕ್ಕೆಯನ್ನು ಹಿಂದಕ್ಕೆ ಸರಿಸಿ, ಚುಕ್ಕಾಣಿ ಪಟ್ಟಿಯ ವಿಸ್ತಾರ ಹೆಚ್ಚಿಸಿ, 2019ರ ಏಪ್ರಿಲ್‌ನಲ್ಲಿ ಸ್ಪಿನ್ ಪರೀಕ್ಷೆಗಳನ್ನು ಪುನರಾರಂಭಿಸಲಾಯಿತು. ಎಡಕ್ಕೂ ಬಲಕ್ಕೂ ಆರು ಸುತ್ತಿನ ಸ್ಪಿನ್‌ನಿಂದ ಅದು ಹೊರಬಂದಿದೆ ಎಂದು 2022ರ ಜನವರಿಯಲ್ಲಿ ಎಚ್‌ಎಎಲ್ ಪ್ರಕಟಿಸಿತು. 2025ರಲ್ಲಿ ವಿಮಾನಕ್ಕೆ ‘ಯಶಸ್’ ಎಂದು ಮರುನಾಮಕರಣವಾಯಿತು.

ಸುಮಾರು ಎರಡು ದಶಕಗಳ ಈ ವಿಳಂಬಕ್ಕೆ ಎಚ್‌ಎಎಲ್ ಟೀಕೆ ಎದುರಿಸಿದ್ದು ಸಹಜ. ಆದರೆ ಲೋಪವಿದ್ದ ಜಾಗದಲ್ಲೇ ಲೋಪ ತಿದ್ದಿದ ಪ್ರಾಮಾಣಿಕತೆಗೆ ಬೆಲೆಯಿದೆ. ಆ ಪ್ರಾಮಾಣಿಕತೆ ಇಲ್ಲದೆಡೆ ಏನಾಯಿತು ಎಂಬುದಕ್ಕೆ ಬೋಯಿಂಗ್ ಸಾಕ್ಷಿ.

ಬೋಯಿಂಗ್ ಮುಚ್ಚಿಟ್ಟದ್ದು

ಬೋಯಿಂಗ್ 737 ಮೊದಲು ಹಾರಿದ್ದು 1967ರಲ್ಲಿ. ಅರ್ಧ ಶತಮಾನದ ಬಳಿಕ ಅದೇ ಮೈಕಟ್ಟಿಗೆ ಇಂಧನ ಮಿತವ್ಯಯದ ದೊಡ್ಡ ಎಂಜಿನ್ ಜೋಡಿಸಿದ ರೂಪವೇ ‘737 ಮ್ಯಾಕ್ಸ್’. ನೆಲಕ್ಕೆ ಹತ್ತಿರವಿರುವ ರೆಕ್ಕೆಯಡಿ ದೊಡ್ಡ ಎಂಜಿನ್‌ಗೆ ಜಾಗ ಸಾಲದೆ ಅದನ್ನು ಮುಂದಕ್ಕೂ ಮೇಲಕ್ಕೂ ಸರಿಸಲಾಯಿತು. ಮೂತಿ ಬಹಳ ಮೇಲೆದ್ದ ಸಂದರ್ಭಗಳಲ್ಲಿ ಎಂಜಿನ್ ಕವಚವೇ ಎತ್ತುವ ಬಲ ಹುಟ್ಟಿಸಿ, ಪೈಲಟ್‌ನ ಕೈಗೆ ಸಿಗಬೇಕಾದ ಬಿಗಿ ಸಡಿಲವಾಗುತ್ತಿತ್ತು. ವಿಮಾನವೇನೂ ತೇಜಸ್‌ನಂತೆ ಅಸ್ಥಿರವಾಗಿರಲಿಲ್ಲ. ಆದರೆ ನಿಯಮಗಳಿಗೆ ಆ ಬಿಗಿ ಬೇಕಿತ್ತು. ಹಳೆಯ 737 ಓಡಿಸಿದವರಿಗೆ ಹೊಸದು ಬೇರೆ ಎನಿಸಬಾರದು ಎಂಬುದು ಕಂಪನಿಯ ವ್ಯಾಪಾರಿ ಅಗತ್ಯವೂ ಆಗಿತ್ತು.

ಅದಕ್ಕೆ ಕಂಡುಕೊಂಡ ಉಪಾಯವೇ ‘ಎಂಕ್ಯಾಸ್’ ಎಂಬ ತಂತ್ರಾಂಶ. ಮೂತಿ ಮಿತಿ ಮೀರಿ ಮೇಲೆದ್ದಿದೆ ಎನಿಸಿದೊಡನೆ ಅದು ಬಾಲದ ಮೂಲಕ ಮೂತಿಯನ್ನು ತಾನೇ ಕೆಳಗೊತ್ತುತ್ತಿತ್ತು. ವಿಮಾನದಲ್ಲಿ ಗಾಳಿಯ ಕೋನ ಅಳೆಯುವ ಸಂವೇದಕಗಳು ಎರಡಿದ್ದರೂ ಎಂಕ್ಯಾಸ್ ಕೇಳುತ್ತಿದ್ದದ್ದು ಒಂದರ ಮಾತನ್ನು ಮಾತ್ರ. ಮೊದಲ ಸುರಕ್ಷಾ ಲೆಕ್ಕದಲ್ಲಿ ಒಮ್ಮೆಗೆ 0.6 ಡಿಗ್ರಿಯಷ್ಟೇ ಇದ್ದ ಅದರ ಅಧಿಕಾರ ಅಂತಿಮವಾಗಿ 2.5 ಡಿಗ್ರಿಗೇರಿತ್ತು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಬೇಕಾದರೆ ವಿಮಾನವೊಂದಕ್ಕೆ 10 ಲಕ್ಷ ಡಾಲರ್ ರಿಯಾಯಿತಿ ಕೊಡುವುದಾಗಿ ಅಮೆರಿಕದ ಸೌತ್‌ವೆಸ್ಟ್ ಕಂಪನಿಗೆ ಬೋಯಿಂಗ್ ಮಾತು ಕೊಟ್ಟಿತ್ತು. ಮೌನಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. 2019ರ ಮಾರ್ಚ್ 10ರಂದು ಇಥಿಯೋಪಿಯನ್ ವಿಮಾನ ಬಿದ್ದು 157 ಮಂದಿ. ಎರಡರಲ್ಲೂ ಕೆಟ್ಟ ಸಂವೇದಕವೊಂದರ ತಪ್ಪು ಮಾಹಿತಿ; ಎರಡರಲ್ಲೂ ಪೈಲಟ್‌ಗಳು ಮೂತಿ ಎತ್ತಿದಷ್ಟೂ ತಂತ್ರಾಂಶ ಅದನ್ನು ಮತ್ತೆ ಮತ್ತೆ ಕೆಳಗೊತ್ತಿತು. ಜಗತ್ತಿನಾದ್ಯಂತ ಮ್ಯಾಕ್ಸ್ ನೆಲಕ್ಕಿಳಿಯಿತು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ (ಡಿಜಿಸಿಎ) ನಿಷೇಧ ತೆಗೆದದ್ದು 2021ರ ಆಗಸ್ಟ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ಬೋಯಿಂಗ್ ಅಮೆರಿಕ ಸರ್ಕಾರದೊಂದಿಗೆ 250 ಕೋಟಿ ಡಾಲರ್ ಮೀರಿದ ಒಪ್ಪಂದಕ್ಕೆ ಬಂದಿತ್ತು. ಆರೋಪ, ಮೇಲ್ವಿಚಾರಕರನ್ನು ವಂಚಿಸಲು ನಡೆಸಿದ ಒಳಸಂಚು. ತಿದ್ದುಪಡಿಯಾದ ಎಂಕ್ಯಾಸ್ ಈಗ ಎರಡೂ ಸಂವೇದಕಗಳ ಮಾತು ಕೇಳುತ್ತದೆ, ಒಂದು ಸಂದರ್ಭದಲ್ಲಿ ಒಮ್ಮೆ ಮಾತ್ರ ಕೈಹಾಕುತ್ತದೆ, ಪೈಲಟ್‌ನ ಕೈಬಲವನ್ನು ಮೀರುವುದಿಲ್ಲ. ಬೆಂಗಳೂರಿನಿಂದಲೂ ಹಾರುವ ಆಕಾಸಾ ಏರ್ 2022ರಲ್ಲಿ ಆರಂಭವಾದದ್ದೇ ಮ್ಯಾಕ್ಸ್ ವಿಮಾನಗಳೊಂದಿಗೆ ಎಂಬುದನ್ನು ನೆನೆದರೆ ಇದು ಪರದೇಶದ ಪುರಾಣವಲ್ಲ ಎಂಬುದು ಸ್ಪಷ್ಟ.

ತಂತ್ರಾಂಶದ ಮನಸ್ಸನ್ನು ಪೈಲಟ್ ಅರಿಯದಿದ್ದರೆ ಆಗುವ ಅನಾಹುತವನ್ನು ಬೆಂಗಳೂರು ಅದಕ್ಕೂ ಬಹಳ ಮೊದಲೇ ಕಂಡಿತ್ತು. 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಅದು ಆಗಿನ್ನೂ ಹೊಸದಾದ, ಕಂಪ್ಯೂಟರ್ ನಿಯಂತ್ರಣದ ವಿಮಾನ. ಇಳಿಯುವಾಗ ಎಂಜಿನ್‌ಗಳನ್ನು ಮಂದಗತಿಯಲ್ಲೇ ಇರಿಸುವ ವಿಧಾನದಲ್ಲಿ ಸ್ವಯಂಚಾಲಿತ ವ್ಯವಸ್ಥೆ ನಿಂತಿತ್ತು. ವೇಗ ಕುಸಿಯುತ್ತಿದ್ದುದು ಪೈಲಟ್‌ಗಳ ಗಮನಕ್ಕೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ನೇತೃತ್ವದ ವಿಚಾರಣೆ ಪೈಲಟ್‌ಗಳ ತಪ್ಪನ್ನು ಎತ್ತಿ ತೋರಿಸಿತು. ಇಲ್ಲಿ ಮುಚ್ಚಿಟ್ಟ ಲೋಪವಿರಲಿಲ್ಲ, ನಿಜ. ಆದರೆ ಯಂತ್ರ ಈಗ ಏನು ಮಾಡುತ್ತಿದೆ ಎಂಬುದು ಅದನ್ನು ನಡೆಸುವವನಿಗೆ ಥಟ್ಟನೆ ಹೊಳೆಯದಿದ್ದರೆ ಯಂತ್ರದ ಜಾಣತನವೇ ಮುಳುವಾದೀತು ಎಂಬ ಪಾಠ ಅಲ್ಲಿತ್ತು. ಮೂರು ದಶಕಗಳ ನಂತರ ಬೋಯಿಂಗ್ ಅದನ್ನು ಕಡೆಗಣಿಸಿತು.

ಪ್ರಮಾಣಪತ್ರ ಕೊಡುವವರು ಯಾರು?

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೆರೆ ಎಲ್ಲಿದೆ ಎಂಬುದು ಕಾಣತೊಡಗುತ್ತದೆ. ತೇಜಸ್, ಬಾಲವಿಲ್ಲದ ವಿಮಾನ, ಪುಷ್ಪಕ ಈ ಮೂರರಲ್ಲೂ ಕೊರತೆ ಏನೆಂಬುದು ಮೊದಲೇ ಗೊತ್ತಿತ್ತು. ತಂತ್ರಾಂಶ ಮೊದಲ ದಿನದಿಂದ ವಿನ್ಯಾಸದ ಭಾಗವಾಗಿತ್ತು. ಪರೀಕ್ಷೆ ಹಂತಹಂತವಾಗಿ ನಡೆಯಿತು. ಮ್ಯಾಕ್ಸ್‌ನಲ್ಲಿ ಕೊರತೆಗೆ ಮದ್ದು ಹುಡುಕಿದ್ದು ಅಗ್ಗದ ದಾರಿಯಲ್ಲಿ, ಬಳಸುವವನಿಗೆ ಹೇಳದೆ. ವ್ಯತ್ಯಾಸವಿರುವುದು ತಂತ್ರಾಂಶದಲ್ಲಲ್ಲ, ಅದನ್ನು ಯಾವಾಗ, ಯಾತಕ್ಕೆ, ಯಾರಿಗೆ ತಿಳಿಸಿ ಬಳಸಲಾಯಿತು ಎಂಬುದರಲ್ಲಿ.

ಹಾಗಾದರೆ ಆ ಗೆರೆಯನ್ನು ಕಾಯುವವರು ಯಾರು? ಅಮೆರಿಕದ ವಿಮಾನಯಾನ ಆಡಳಿತ ತನ್ನ ತಪಾಸಣೆಯ ದೊಡ್ಡ ಪಾಲನ್ನು ಬೋಯಿಂಗ್ ನೌಕರರಿಗೇ ವಹಿಸಿಕೊಟ್ಟಿತ್ತು. ಈ ಪದ್ಧತಿಯನ್ನು ಅಲ್ಲಿನ ಸಂಸತ್ತಿನ ಸಮಿತಿ 2020ರ ಸೆಪ್ಟೆಂಬರ್ ವರದಿಯಲ್ಲಿ ಕಟುವಾಗಿ ಟೀಕಿಸಿತು. ಭಾರತದಲ್ಲಿ ಸೇನಾ ವಿಮಾನಗಳ ಹಾರಾಟ ಯೋಗ್ಯತೆಗೆ ಪ್ರಮಾಣಪತ್ರ ಕೊಡುವುದು ಬೆಂಗಳೂರಿನಲ್ಲಿರುವ ‘ಸೆಮಿಲಾಕ್’. ಅದರ ತಜ್ಞರ ಪರಿಣತಿ ಪ್ರಶ್ನಾತೀತವಿರಬಹುದು. ತೇಜಸ್‌ನ ದೀರ್ಘ ಅಪಘಾತರಹಿತ ಇತಿಹಾಸದಲ್ಲಿ ಅವರ ಪಾಲೂ ಇದೆ. ಆದರೆ ಸೆಮಿಲಾಕ್ ಡಿಆರ್‌ಡಿಒದ್ದೇ ಅಂಗ. ವಿಮಾನ ರೂಪಿಸುವ ಎಡಿಇ ಕೂಡ ಅದೇ ಮನೆಯದು. ಪರೀಕ್ಷಾ ವಲಯ ನಡೆಸುವವರೂ ಅವರೇ. ಪ್ರಶ್ನೆಪತ್ರಿಕೆ, ಉತ್ತರ ಹಾಗೂ ಮೌಲ್ಯಮಾಪನ ಮೂರೂ ಒಂದೇ ಸೂರಿನಡಿ ನಡೆಯುವ ಈ ವ್ಯವಸ್ಥೆ ಇಲ್ಲಿಯವರೆಗೆ ದೊಡ್ಡ ಅನಾಹುತಕ್ಕೆ ಎಡೆಮಾಡಿಲ್ಲವೆಂಬುದು ಸಮಾಧಾನದ ಸಂಗತಿಯೇ ಹೊರತು, ಅದೇ ಸರಿಯೆಂಬುದಕ್ಕೆ ಸಮರ್ಥನೆಯಾಗದು.

ಇದು ಕಡತಗಳ ನಡುವಿನ ಚರ್ಚೆಯಷ್ಟೇ ಅಲ್ಲ. 2019ರ ಸೆಪ್ಟೆಂಬರ್ 17ರ ಬೆಳಗ್ಗೆ ಚಳ್ಳಕೆರೆ ತಾಲ್ಲೂಕಿನ ಜೋಡಿ ಚಿಕ್ಕೇನಹಳ್ಳಿಯ ಬಳಿ ರುಸ್ತುಂ-2 ಹೊಲಕ್ಕೆ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಬಳಿ ತಪಸ್ ಬಿತ್ತು. ಎರಡೂ ಬಾರಿ ಪ್ರಾಣಹಾನಿ ಆಗಲಿಲ್ಲ. ಪರೀಕ್ಷೆ ಎಂದ ಮೇಲೆ ವಿಮಾನ ಬೀಳುವುದುಂಟು, ಬೀಳಬಹುದೆಂದೇ ಪರೀಕ್ಷೆ. ಆದರೆ ಯಾಕೆ ಬಿತ್ತು ಎಂಬ ಉತ್ತರ ಹೊಲದ ಮಾಲೀಕನಿಗೆ ಸಲ್ಲಬೇಕೋ ಬೇಡವೋ? ಸೇನಾ ವಿಚಾರಣೆಗಳ ವರದಿ ಸಾಮಾನ್ಯವಾಗಿ ಜನರ ಮುಂದೆ ಬರುವುದಿಲ್ಲ. ಲಯನ್ ಏರ್ ಹಾಗೂ ಇಥಿಯೋಪಿಯನ್ ದುರಂತಗಳ ತನಿಖಾ ವರದಿಗಳು ಬಹಿರಂಗವಾಗಿದ್ದರಿಂದಲೇ ಎಂಕ್ಯಾಸ್‌ನ ಒಳಗುಟ್ಟು ಜಗತ್ತಿಗೆ ತಿಳಿಯಿತು, ತಿದ್ದುಪಡಿಯೂ ಸಾಧ್ಯವಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಕುದಾಪುರ ಸೀಮೆಯ ಜನರಿಗೆ ಈ ಮೌನ ಹೊಸತೇನಲ್ಲ. ದನ ಕುರಿ ಮೇಯುತ್ತಿದ್ದ ಸಾವಿರಾರು ಎಕರೆ ಕಾವಲನ್ನು ಹಲವು ಸಂಸ್ಥೆಗಳಿಗೆ ಹಂಚಿದಾಗ ಸುತ್ತಲ ಹಳ್ಳಿಗಳನ್ನು ಕೇಳಲಿಲ್ಲ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. ಹುಲ್ಲುಗಾವಲನ್ನು ದೇಶದ ಹೆಸರಿನಲ್ಲಿ ಬಿಟ್ಟುಕೊಟ್ಟವರಿಗೆ ತಮ್ಮ ತಲೆಯ ಮೇಲೆ ಹಾರುವುದರ ಬಗ್ಗೆ ನಾಲ್ಕು ಮಾತು ಕೇಳುವ ಹಕ್ಕಿಲ್ಲವೆನ್ನುವುದು ಯಾವ ನ್ಯಾಯ?

ಮುಂದಿನ ದಿನಗಳಲ್ಲಿ ಈ ಪ್ರಶ್ನೆಗಳ ತೂಕ ಹೆಚ್ಚಲಿದೆ. ಐದನೇ ತಲೆಮಾರಿನ ಯುದ್ಧವಿಮಾನ ‘ಆಮ್ಕಾ’ ಅಭಿವೃದ್ಧಿಗೆ ಸಂಪುಟದ ಭದ್ರತಾ ಸಮಿತಿ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿದೆ. ರೇಡಾರ್‌ಗೆ ಸಿಗದ ಆಕಾರ ಮತ್ತು ಹಾರಾಟಕ್ಕೆ ಒಗ್ಗುವ ಆಕಾರ ಒಂದೇ ಅಲ್ಲ. ಆ ಎರಡರ ನಡುವಿನ ಕಂದರವನ್ನು ತುಂಬಬೇಕಾದದ್ದು ಮತ್ತೆ ತಂತ್ರಾಂಶವೇ. ಗಡುವು ಹತ್ತಿರವಾದಂತೆ, ಖರ್ಚು ಏರಿದಂತೆ, ಮೈಕಟ್ಟಿನ ಲೋಪವೊಂದನ್ನು ‘ತಂತ್ರಾಂಶದಲ್ಲಿ ನೋಡಿಕೊಳ್ಳೋಣ’ ಎನ್ನುವ ಪ್ರಲೋಭನೆ ಯಾವ ದೇಶದ ಎಂಜಿನಿಯರುಗಳಿಗೂ ತಪ್ಪಿದ್ದಲ್ಲ.

ಆ ಪ್ರಲೋಭನೆಗೆ ಕಡಿವಾಣ ಹಾಕಲು ದುಬಾರಿ ಯಂತ್ರಗಳೇನೂ ಬೇಕಿಲ್ಲ. ಪ್ರಮಾಣಪತ್ರ ಕೊಡುವ ಸಂಸ್ಥೆ ವಿಮಾನ ಕಟ್ಟುವ ಸಂಸ್ಥೆಯ ಅಧೀನದಿಂದ ಹೊರಬರಬೇಕು. ಪ್ರಾಣಕ್ಕೆ ಸಂಬಂಧಿಸಿದ ಯಾವ ತಂತ್ರಾಂಶವೂ ಒಂದೇ ಸಂವೇದಕವನ್ನು ನಂಬಿ ನಡೆಯಬಾರದು. ಹಾರಿಸುವವನಿಗೆ ತಿಳಿಸದ ಒಂದು ಸಾಲು ಸೂತ್ರವೂ ವಿಮಾನದಲ್ಲಿರಬಾರದು. ದೇಶದ ಭದ್ರತೆಗೆ ಧಕ್ಕೆಯಾಗದ ಮಟ್ಟಿಗೆ, ಪತನದ ಕಾರಣಗಳ ಸಾರಾಂಶವನ್ನಾದರೂ ಸಾರ್ವಜನಿಕರ ಮುಂದಿಡಬೇಕು. ಇವುಗಳಲ್ಲಿ ಕೊನೆಯದನ್ನು ಜಾರಿಗೆ ತರಲು ಹೊಸ ಕಾನೂನೂ ಬೇಕಿಲ್ಲ. ರಕ್ಷಣಾ ಸಚಿವಾಲಯದ ಒಂದು ಆದೇಶ ಸಾಕು. ಜೋಡಿ ಚಿಕ್ಕೇನಹಳ್ಳಿ ಮತ್ತು ವದ್ದೀಕೆರೆಯ ಪ್ರಕರಣಗಳಿಂದಲೇ ಅದನ್ನು ಆರಂಭಿಸಬಹುದು.